ನೇತ್ರಾಣಿ ಡೈವಿಂಗ್‌ಗೆ ಪೂರ್ತಿ ಅಂಕ, ರಾತ್ರಿ ಬಸ್ಸಿಗೆ ಅರ್ಧ

ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಬಸ್ ಹತ್ತು, ಶನಿವಾರ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ನೇತ್ರಾಣಿ ದ್ವೀಪದ ಬಳಿ ಸಮುದ್ರದಲ್ಲಿ ಮುಳುಗು, ರಾತ್ರಿ ಮತ್ತೆ ಬಸ್ ಹತ್ತಿ ಭಾನುವಾರ ಬೆಳಿಗ್ಗೆ ಮನೆ. ಬ್ಯಾಕ್‌ಪ್ಯಾಕ್ ಹೊತ್ತು ಮುರುಡೇಶ್ವರಕ್ಕೆ ಹೊರಡುವವರಲ್ಲಿ ಬಹಳಷ್ಟು ಜನ ಹಾಕಿಕೊಳ್ಳುವ ಲೆಕ್ಕ ಇದೇ. ಕಾಗದದ ಮೇಲೆ ಸರಿಯಾಗಿಯೇ ಕೂರುತ್ತದೆ. ಬಸ್ಸಿಳಿದು ಬೋಟ್ ಹತ್ತುವ ನಡುವಿನ ಆ ಒಂದೆರಡು ತಾಸನ್ನು ಮಾತ್ರ ಯಾರೂ ಎಣಿಸಿರುವುದಿಲ್ಲ.

ದಾರಿ ಸುಮಾರು 500 ಕಿ.ಮೀ., ಹತ್ತರಿಂದ ಹನ್ನೆರಡು ಗಂಟೆ ಬೇಕು. ರಾತ್ರಿ 9ಕ್ಕೆ ಹೊರಟ ಬಸ್ಸು ಬೆಳಿಗ್ಗೆ 7ಕ್ಕೆ ಬಂದರೆ ಅದೃಷ್ಟ, 8:30 ಆದರೂ ಆಶ್ಚರ್ಯವಿಲ್ಲ. ಮೊದಲ ಬೋಟಿನವರನ್ನು 7–7:30ರ ಸುಮಾರಿಗೇ ಬರಹೇಳುತ್ತಾರೆ. ಸಾಲದ್ದಕ್ಕೆ ಗೋಕರ್ಣ, ಕಾರವಾರದ ಬಸ್ಸುಗಳು ಊರೊಳಗೆ ಹೋಗದೆ ಹೆದ್ದಾರಿಯಲ್ಲೇ ಇಳಿಸುತ್ತವೆ. ಅಲ್ಲಿಂದ ಸಮುದ್ರದ ಕಡೆಗೆ ಆಟೋ ಹಿಡಿಯಬೇಕು. ಬರುವ ದಿನವೇ ಡೈವ್ ಮಾಡಲೇಬೇಕೆಂದರೆ ಸಂಜೆ 7ರ ಒಳಗೆ ಹೊರಡುವ ಬಸ್ಸೇ ಸರಿ. ಸ್ಲೀಪರ್‌ನಲ್ಲಿ ನಡುಭಾಗದ ಕೆಳಗಿನ ಬರ್ತ್ ಹಿಡಿಯಿರಿ. ಹಿಂದಿನ ಚಕ್ರದ ಆಚೆಗಿನ ಬರ್ತು ಪ್ರತಿ ಗುಂಡಿಗೂ ಎತ್ತಿ ಹಾಕುತ್ತದೆ. ಘಾಟಿಯ ತಿರುವುಗಳು ಬರುವುದೂ ನಿದ್ದೆ ಗಾಢವಾಗುವ ಬೆಳಗಿನ ಜಾವದಲ್ಲೇ.

ನಿದ್ದೆಗೆಟ್ಟ ದೇಹವನ್ನು ನೀರಿಗಿಂತ ಮೊದಲು ಕಾಡುವುದು ಬೋಟ್. ಮುರುಡೇಶ್ವರದಿಂದ ನೇತ್ರಾಣಿಗೆ ಸುಮಾರು 19 ಕಿ.ಮೀ., ಒಂದರಿಂದ ಒಂದೂವರೆ ಗಂಟೆಯ ಪ್ರಯಾಣ. ಬೋಟ್ ಓಡುವಾಗ ಅಷ್ಟಾಗಿ ಏನೂ ಆಗುವುದಿಲ್ಲ. ದ್ವೀಪದ ಪಕ್ಕ ಲಂಗರು ಹಾಕಿ ನಿಂತು ತೂಗಾಡಲು ಶುರುವಾದಾಗ ಡೀಸೆಲ್ ವಾಸನೆಯೂ ಸೇರಿ ಹೊಟ್ಟೆ ತೊಳಸುತ್ತದೆ. ನಿಮ್ಮ ಸರದಿಗೆ ಕಾಯುವುದೂ ಅಲ್ಲೇ. ವಾಂತಿ ಮಾತ್ರೆಯನ್ನು ವೈದ್ಯರನ್ನು ಕೇಳಿ ಮೊದಲೇ ತಂದಿಟ್ಟುಕೊಂಡು, ಹೊರಡುವ ಒಂದು ಗಂಟೆ ಮುಂಚೆ ನುಂಗಿ. ತಲೆಸುತ್ತು ಶುರುವಾದ ಮೇಲೆ ನುಂಗಿದ್ದು ಸಮುದ್ರಕ್ಕೇ ಸೇರುತ್ತದೆ. ತೂಕಡಿಕೆ ತರುವ ಮಾತ್ರೆಯಾದರೆ ಡೈವ್‌ಗೆ ಬೇಡ. ತಿಂಡಿಗೆ ಎರಡು ಇಡ್ಲಿ ಸಾಕು. ಬನ್ಸ್, ಗೋಳಿಬಜೆ ವಾಪಸ್ ಬಂದ ಮೇಲೆ ಇರಲಿ. ಹಾಗಂತ ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ.

ಇನ್ನು ನೀರಿನೊಳಗಿನದು. ಈ ಭಾಗಕ್ಕೆ ತಕರಾರಿಲ್ಲ. ಈಜು ಬಾರದವರಿಗೂ ಒಬ್ಬರಿಗೊಬ್ಬ ಇನ್‌ಸ್ಟ್ರಕ್ಟರ್ ಕೊಟ್ಟು ಇಳಿಸುತ್ತಾರೆ. ಈ ಮೊದಲ ಅನುಭವದ ಡೈವ್‌ಗೆ ಮಿತಿ 12 ಮೀಟರ್, ಆದರೆ ನೋಡಬೇಕಾದ್ದು ಅದಕ್ಕೂ ಮೇಲೆಯೇ ಸಿಗುತ್ತದೆ. ಬಂಡೆಗೆ ಅಂಟಿದ ಹವಳ, ಅದನ್ನು ಕಟಕಟ ಕಚ್ಚುವ ಗಿಳಿಮೀನು, ಸಂದಿಯಿಂದ ಬಾಯಿ ತೆರೆದು ಮುಚ್ಚುತ್ತ ನೋಡುವ ಮೊರೆ ಈಲ್ ಎಂಬ ಹಾವಿನಂಥ ಮೀನು. ಅದು ಬೆದರಿಸುತ್ತಿಲ್ಲ, ಉಸಿರಾಡುತ್ತಿದೆ.

ಹೆಚ್ಚು ಜನ ಅರ್ಧಕ್ಕೇ ಮೇಲೆ ಬರುವುದು ನೀರಿನ ಒತ್ತಡಕ್ಕೆ ನೋಯುವ ಕಿವಿಯಿಂದ. ಮೂಗು ಹಿಡಿದು ಮೆಲ್ಲಗೆ ಊದುವುದನ್ನು ನೀರಿನ ಮೇಲಿರುವಾಗಲೇ ಶುರುಮಾಡಿ, ಇಳಿಯುತ್ತ ಅರ್ಧರ್ಧ ಮೀಟರಿಗೂ ಮಾಡಬೇಕು. ನೋವು ಬಂದ ಮೇಲೆ ಜೋರಾಗಿ ಊದಿದರೆ ಕಿವಿಗೇ ಪೆಟ್ಟು. ಆಗ ತುಸು ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು. ನೆಗಡಿ ಇದ್ದರೆ ಆವತ್ತು ಇಳಿಯಬೇಡಿ, ಮೂಗಿನ ಡ್ರಾಪ್ಸ್ ಹಾಕಿಕೊಂಡು ಇಳಿಯುವ ಜಾಣತನವೂ ಬೇಡ. ಇನ್ನೊಂದು ತಮಾಷೆಯ ತಪ್ಪು: ಮೀನು ಕಂಡ ಖುಷಿಗೆ ‘ಸೂಪರ್’ ಎಂದು ಹೆಬ್ಬೆರಳೆತ್ತುವುದು. ನೀರೊಳಗೆ ಅದಕ್ಕೆ ‘ಮೇಲೆ ಹೋಗೋಣ’ ಎಂದರ್ಥ, ಇನ್‌ಸ್ಟ್ರಕ್ಟರ್ ಕರೆದುಕೊಂಡು ಹೋಗಿಯೇಬಿಡುತ್ತಾರೆ. ಸರಿಯಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು.

ಗಾಳಿಯ ಲೆಕ್ಕವೂ ತಿಳಿದಿರಲಿ. 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ಇರುತ್ತದೆ, 50 ಬಾರ್ ಉಳಿಸಿಕೊಂಡು ಮೇಲೆ ಬರಬೇಕು. ನಡುವಿನ 150 ಬಾರ್‌ಗೆ ಸಿಗುವುದು 11×150, ಅಂದರೆ 1,650 ಲೀಟರ್. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಎಳೆಯುವವರಿಗೆ 10 ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗುವುದರಿಂದ ಅದರ ಎರಡರಷ್ಟು ಬೇಕು, ಅಂದರೆ 40 ನಿಮಿಷಕ್ಕೆ ಮುಗಿಯಿತು. ಗಾಬರಿಯಲ್ಲಿ ಏದುಸಿರು ಬಿಟ್ಟರೆ ಅದೂ ಇಲ್ಲ. ಹಣ ಕೊಡುವ ಮುನ್ನ ನೀರೊಳಗೆ ಎಷ್ಟು ನಿಮಿಷ ಎಂದು ಕೇಳಿಕೊಳ್ಳಿ, ‘ಒಂದು ಡೈವ್’ ಎನ್ನುವ ಮಾತು ಬಹಳ ಹಿಗ್ಗುತ್ತದೆ, ಕುಗ್ಗುತ್ತದೆ. ಸಮುದ್ರ ಕೆಟ್ಟು ಬೋಟ್ ಹೊರಡದಿದ್ದರೆ ಹಣ ವಾಪಸ್ಸೋ ದಿನಾಂಕ ಬದಲೋ ಎಂಬುದನ್ನೂ ಬರಹದಲ್ಲಿ ಪಡೆಯಿರಿ. ಮಳೆಗಾಲದಲ್ಲಿ ಹೇಗೂ ಬಂದ್. ತಿಳಿನೀರು ಬೇಕಿದ್ದರೆ ಡಿಸೆಂಬರ್, ಜನವರಿ ನಂಬಬಹುದು.

ವಾಪಸ್ ಬಸ್ಸಿನ ಬಗ್ಗೆ ಹಲವರು ಕೇಳದೇ ಬಿಡುವ ಪ್ರಶ್ನೆಯೊಂದಿದೆ. ಡೈವ್ ಆದ ಮೇಲೆ ವಿಮಾನ ಹತ್ತಲು ಒಂದೇ ಡೈವ್ ಆಗಿದ್ದರೆ 12 ಗಂಟೆ, ಹಲವು ಡೈವ್ ಆಗಿದ್ದರೆ 18 ಗಂಟೆ ಕಾಯಬೇಕು ಎಂಬುದು ರೂಢಿ. ಬಸ್ಸು ವಿಮಾನವಲ್ಲ ನಿಜ, ಆದರೆ ಅದು ಘಾಟಿ ಹತ್ತಿ ನಿಮ್ಮನ್ನು ಇಳಿಸುವ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಎತ್ತರಕ್ಕೆ ಹೋದಂತೆ ಹೊರಗಿನ ಒತ್ತಡ ಇಳಿದು, ನೀರೊಳಗಿದ್ದಾಗ ದೇಹದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾಗಬಹುದು. ಅರ್ಧ ತಾಸಿನ, ಕಡಿಮೆ ಆಳದ ಒಂದು ಡೈವ್ ಬೆಳಿಗ್ಗೆ ಮುಗಿಸಿ ರಾತ್ರಿ 8ಕ್ಕೆ ಹೊರಡುವವರಿಗೆ ಚಿಂತೆ ಕಡಿಮೆ. ಸರ್ಟಿಫಿಕೇಟ್ ಇದ್ದು ಆಳಕ್ಕೆ ಎರಡು-ಮೂರು ಬಾರಿ ಇಳಿದವರು ಆ ರಾತ್ರಿ ಮುರುಡೇಶ್ವರದಲ್ಲೇ ಮಲಗಲಿ. ಆ ಗುಳ್ಳೆಗಳ ಸೂಚನೆಯಾದ ಕೀಲುನೋವು, ಜೋಮು ಕಂಡರೆ ಘಾಟಿ ಹತ್ತಬೇಡಿ, ಡೈವ್ ಮಾಡಿದ್ದನ್ನು ಹೇಳಿ ಆಕ್ಸಿಜನ್ ಇರುವ ಆಸ್ಪತ್ರೆಗೆ ಹೋಗಿ.

ಹಾಗಾಗಿ ನಮ್ಮ ಸಲಹೆ: ಶನಿವಾರ ಬೆಳಿಗ್ಗೆ ಬಸ್ಸಿಳಿದು ಆ ದಿನ ಮಲಗಿ ನೀರು ಕುಡಿದು ಕಳೆಯಿರಿ, ಭಾನುವಾರದ ಮೊದಲ ಬೋಟ್ ಹಿಡಿಯಿರಿ, ರಾತ್ರಿ ಬಸ್. ಒಂದು ರಾತ್ರಿಯ ಲಾಡ್ಜ್ ಖರ್ಚು ಹೆಚ್ಚು, ಆದರೆ ಡೈವ್ ಕೈತಪ್ಪುವುದಿಲ್ಲ. ಹೊರಡುವ ಮುಂಚೆ ಸಿಹಿನೀರಲ್ಲಿ ಸ್ನಾನ ಮಾಡಿ, ಒದ್ದೆ ಬಟ್ಟೆಯನ್ನು ಹಿಂಡಿ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ. ಎಸಿ ಸ್ಲೀಪರ್‌ನಲ್ಲಿ ಉಪ್ಪುನೀರಿನ ಟೀ ಶರ್ಟಿನ ವಾಸನೆ ಶಿವಮೊಗ್ಗ ಬರುವಷ್ಟರಲ್ಲಿ ಪಕ್ಕದ ಬರ್ತಿನವರನ್ನೂ ಎಬ್ಬಿಸಿರುತ್ತದೆ.