ಬ್ಯಾಕಪ್ ಸಕ್ಸಸ್ ಅಂತ ದಿನಾ ಬರ್ತಿತ್ತು, ಬೇಕಾದ ದಿನ ಫೋಲ್ಡರ್ ಖಾಲಿ

ಅಂಗಡಿಯಲ್ಲೋ ಸೊಸೈಟಿಯಲ್ಲೋ ಬಿಲ್ಲಿಂಗ್ ಸಾಫ್ಟ್‌ವೇರ್ ಇಟ್ಕೊಂಡವರು, ಬ್ಯಾಕಪ್ ತನ್ನಷ್ಟಕ್ಕೆ ಆಗ್ತದೆ ನೀವು ಎಂತ ಮಾಡ್ಲಿಕ್ಕಿಲ್ಲ ಅಂತ ಯಾರೋ ಸೆಟ್ ಮಾಡಿ ಕೊಟ್ಟು ಹೋದದ್ದನ್ನು ನಂಬಿ ಕೂತವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ವಲ್ಪ ಉದ್ದ ಆಗ್ತದೆ.

ನಾನು ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಕಂಪ್ಯೂಟರ್ ಸರ್ವಿಸ್ ಮಾಡ್ತೇನೆ. ಅಡಿಕೆ, ಒಳ್ಳೆಮೆಣಸು ತಗೊಳ್ಳುವ ಒಂದು ಅಂಗಡಿ ಉಂಟು, ಯಜಮಾನ್ರು ನಮ್ಮ ಅಪ್ಪನ ಕಾಲದಿಂದ ಪರಿಚಯ, ಅಲ್ಲಿಯ ಪ್ರಿಂಟರ್, ನೆಟ್‌ವರ್ಕ್, ಯುಪಿಎಸ್ ಎಲ್ಲ ನಾನೇ ನೋಡುದು. ಸಾಫ್ಟ್‌ವೇರ್ ಮಾತ್ರ ಬೇರೆಯವರದ್ದು. ಒಳಗೆ ಲೆಕ್ಕ ಎಲ್ಲ ಇಟ್ಟುಕೊಳ್ಳುದು ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್, ಎಸ್‌ಕ್ಯುಎಲ್ ಸರ್ವರ್ 2019 ಎಕ್ಸ್‌ಪ್ರೆಸ್. ಅದು ಫ್ರೀ, ಒಂದು ಡೇಟಾಬೇಸ್ 10 ಜಿಬಿ ತನಕ ಹೋಗಬಹುದು, ಸಣ್ಣ ಅಂಗಡಿಗೆ ಧಾರಾಳ ಸಾಕು. ಆದ್ರೆ ಎಕ್ಸ್‌ಪ್ರೆಸ್‌ನಲ್ಲಿ ಎಸ್‌ಕ್ಯುಎಲ್ ಏಜೆಂಟ್ ಇಲ್ಲ, ಅಂದ್ರೆ ಇಂತ ಹೊತ್ತಿಗೆ ಬ್ಯಾಕಪ್ ತೆಗಿ ಅಂತ ಅದಕ್ಕೇ ಹೇಳಿಡ್ಲಿಕ್ಕೆ ಆಗುದಿಲ್ಲ, ಹಾಗಾಗಿ ಸಾಫ್ಟ್‌ವೇರ್‌ನವರು ಒಂದು ಬ್ಯಾಚ್ ಫೈಲ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಬರೆದು, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಹಾಕಿದ್ರು. ಸಂಜೆ ಏಳೂವರೆಗೆ ಬ್ಯಾಕಪ್, ಡಿ ಡ್ರೈವಿಗೆ. ಡಿ ಅಂದ್ರೆ ಬೇರೆಯೇ ಹಾರ್ಡ್ ಡಿಸ್ಕ್, ಅಷ್ಟು ಬುದ್ಧಿ ಅವರು ಉಪಯೋಗಿಸಿದ್ರು. ಪ್ರತಿ ಫೈಲ್ 3 ಜಿಬಿ ಹತ್ರ ಬರ್ತಿತ್ತು, ಎಕ್ಸ್‌ಪ್ರೆಸ್‌ನಲ್ಲಿ ಬ್ಯಾಕಪ್ ಕಂಪ್ರೆಶನ್ ಸಹ ಇಲ್ಲ ನೋಡಿ. ಬ್ಯಾಕಪ್ ಆದ ಕೂಡ್ಲೆ ಅಂಗಡಿಯ ಲೆಕ್ಕ ಬರೆಯುವ ರೈಟ್ರ ಸ್ಕ್ರೀನ್‌ನಲ್ಲಿ ಹಸಿರು ಬಣ್ಣದ ಒಂದು ಸಣ್ಣ ಕಿಟಕಿ, ಬ್ಯಾಕಪ್ ಸಕ್ಸಸ್ ಅಂತ. ಅವರು ಅದಕ್ಕೆ ಓಕೆ ಒತ್ತಿ, ಲೈಟ್ ಆಫ್ ಮಾಡಿ, ಶಟರ್ ಎಳೆದು ಮನೆಗೆ. ಎರಡು ವರ್ಷ ಒಂದು ದಿನ ಬಿಡದೆ ಹೀಗೇ ನಡೀತು.

ಕಳೆದ ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಯಜಮಾನ್ರ ತಾಯಿ ತೀರಿಕೊಂಡ್ರು. ಬೊಜ್ಜ (ಉತ್ತರಕ್ರಿಯೆ) ಎಲ್ಲ ಮುಗಿಯುವ ತನಕ ಅಂಗಡಿ 12 ದಿನ ಬಾಗಿಲು ತೆಗೀಲಿಲ್ಲ. ತೆಗೆದ ದಿನ ಜನ ಜಾಸ್ತಿ, ಅಡಿಕೆ ಮನೆಯಲ್ಲೇ ಇಟ್ಟು ಕಾದವರು ಎಲ್ಲ ಒಟ್ಟಿಗೆ ಬಂದಿದ್ರು, ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಕಡೆಯ ಆ ಸಮಯದ ಗುಡುಗು ಮಿಂಚು ಗೊತ್ತುಂಟಲ್ಲ, ಕರೆಂಟ್ ಹೋಯ್ತು, ಬಂತು, ಮತ್ತೆ ಹೋಯ್ತು. ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ದಿನ ಆಗಿತ್ತೋ. ಕರೆಂಟ್ ಬಂದ ಮೇಲೆ ಸಾಫ್ಟ್‌ವೇರ್ ತೆರೀಲಿಲ್ಲ. ನಾನು ಹೋಗಿ ಎಸ್‌ಕ್ಯುಎಲ್ ಸರ್ವರ್ ನೋಡಿಕೊಳ್ಳುವ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ನೋಡಿದ್ರೆ ಡೇಟಾಬೇಸಿನ ಹೆಸರಿನ ಎದುರು ಸಸ್ಪೆಕ್ಟ್ ಅಂತ ಬರೆದಿತ್ತು, ಅಂದ್ರೆ ಹಾಳಾಗಿರಬಹುದು, ತೆರೀಲಿಕ್ಕೆ ಆಗುದಿಲ್ಲ ಅಂತ. ಯಜಮಾನ್ರಿಗೆ ಹೇಳಿದೆ, ಅಣ್ಣ ಹೆದರ್ಬೇಡಿ, ಬ್ಯಾಕಪ್ ಉಂಟು, ಅರ್ಧ ಗಂಟೆ ಕೊಡಿ.

ಡಿ ಡ್ರೈವ್‌ನ ಬ್ಯಾಕಪ್ ಫೋಲ್ಡರ್ ತೆರೆದೆ. ಖಾಲಿ. ಹಿಡನ್ ಫೈಲ್ ಕಾಣುವ ಹಾಗೆ ಮಾಡಿದೆ, ಆಗ್ಲೂ ಖಾಲಿ. ರೀಸೈಕಲ್ ಬಿನ್ ನೋಡಿದೆ, ಅಲ್ಲಿಯೂ ಇಲ್ಲ. ಹಿಂದೆ ಯಜಮಾನ್ರು ನಿಂತಿದ್ರು, ತಲೆ ಬೋಳಿಸಿಕೊಂಡಿದ್ರು, ಒಂದು ಮಾತು ಆಡ್ಲಿಲ್ಲ. ಆ ಮುಖ ನನಗೆ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು.

ಮೊದಲು ನನಗೆ ಬಂದ ಯೋಚನೆ, ಫೈಲ್ ಬೇರೆ ಕಂಪ್ಯೂಟರ್‌ನಲ್ಲಿ ಇರಬಹುದು ಅಂತ. ಇದು ಎಷ್ಟೋ ಕಡೆ ಆಗುವ ವಿಷಯ, ಹಾಗಾಗಿ ಹೇಳ್ತೇನೆ. ನೀವು ನಿಮ್ಮ ಟೇಬಲ್ಲಿನ ಕಂಪ್ಯೂಟರ್‌ನಲ್ಲಿ ಕೂತು ಬ್ಯಾಕಪ್ ಕೊಟ್ರೂ ಡಿ ಡ್ರೈವ್ ಅಂದ್ರೆ ಎಸ್‌ಕ್ಯುಎಲ್ ಸರ್ವರ್ ಇರುವ ಕಂಪ್ಯೂಟರಿನ ಡಿ ಡ್ರೈವ್, ನಿಮ್ಮದ್ದಲ್ಲ. ಸಕ್ಸಸ್ ಅಂತ ಬರ್ತದೆ, ನಿಮ್ಮ ಡಿ ಹುಡುಕಿದ್ರೆ ಎಂತದೂ ಇಲ್ಲ. ಇಲ್ಲಿ ಮಾತ್ರ ಸರ್ವರ್ ಇದ್ದದ್ದೂ ಅದೇ ಕಂಪ್ಯೂಟರಲ್ಲಿ. ಮತ್ತೆ ಆಂಟಿವೈರಸ್ ಮೇಲೆ ಸಂಶಯ ಬಂತು, ಅದು ತಡೆದಿಟ್ಟ ಫೈಲ್‌ಗಳ ಕ್ವಾರಂಟೈನ್ ಪಟ್ಟಿ ತೆರೆದೆ, ಅಲ್ಲಿ ಎರಡು ಹಳೆ ಕ್ರ್ಯಾಕ್ ಫೈಲ್ ಬಿಟ್ರೆ ಬೇರೆ ಇಲ್ಲ. ಮತ್ತೆ ಅನಿಸ್ತು, ಬ್ಯಾಕಪ್ ಆಗಿಯೇ ಇರ್ಲಿಲ್ಲವೋ ಏನೋ, ಆ ಹಸಿರು ಕಿಟಕಿಯೇ ಸುಳ್ಳೋ ಏನೋ.

ಅದನ್ನು ತಿಳಿಯುವ ದಾರಿ ಎಂಎಸ್‌ಡಿಬಿ. ಅದು ಎಸ್‌ಕ್ಯುಎಲ್ ಸರ್ವರ್ ತನ್ನ ಲೆಕ್ಕ ಬರೆದಿಟ್ಟುಕೊಳ್ಳುವ ಡೇಟಾಬೇಸ್, ನಿಮ್ಮ ಡೇಟಾಬೇಸ್ ಹಾಳಾದ್ರೂ ಅದು ಸರಿ ಇದ್ರೆ ಸಾಕು. ಅದರಲ್ಲಿ ಬ್ಯಾಕಪ್‌ಸೆಟ್ ಅಂತ ಒಂದು ಟೇಬಲ್, ಬ್ಯಾಕಪ್‌ಮೀಡಿಯಾಫ್ಯಾಮಿಲಿ ಅಂತ ಇನ್ನೊಂದು. ಎರಡನ್ನೂ ಮೀಡಿಯಾ ಸೆಟ್ ಐಡಿ ಹಿಡಿದು ಜೋಡಿಸಿ ನೋಡಿದ್ರೆ ಯಾವ ಬ್ಯಾಕಪ್ ಎಷ್ಟು ಗಂಟೆಗೆ ಮುಗೀತು, ಎಷ್ಟು ದೊಡ್ಡದು, ಯಾವ ಜಾಗಕ್ಕೆ ಬರೆದದ್ದು ಎಲ್ಲ ಸಾಲಾಗಿ ಬರ್ತದೆ. ಫಿಸಿಕಲ್ ಡಿವೈಸ್ ನೇಮ್ ಅನ್ನುವ ಕಾಲಂ ನೋಡ್ಬೇಕು. ಅಲ್ಲಿ ಡ್ರೈವ್, ಫೋಲ್ಡರ್ ಹೆಸರು ಇದ್ರೆ ಫೈಲ್ ಅಲ್ಲಿಗೇ ಬರೆದದ್ದು. ಫೋಲ್ಡರ್ ಹೆಸರಿನ ಬದಲು ಬ್ರಾಕೆಟ್ ಒಳಗೆ ಉದ್ದಕ್ಕೆ ಅಕ್ಷರ ಅಂಕೆ ಇದ್ದು, ಡಿವೈಸ್ ಟೈಪ್ 7 ಅಂತ ಇದ್ರೆ, ಅದು ಬೇರೆ ಯಾವುದೋ ಬ್ಯಾಕಪ್ ಸಾಫ್ಟ್‌ವೇರ್ ತೆಗೆದ ಬ್ಯಾಕಪ್, ನಿಮ್ಮ ಫೋಲ್ಡರಿಗೆ ಅದು ಬರುದೇ ಇಲ್ಲ. ನಲ್ (ಒಂದೇ ಎಲ್‌ನ NUL) ಅಂತ ಇದ್ರೆ ಅದಕ್ಕಿಂತ ಕಷ್ಟ, ಅದು ಗಾಳಿಗೆ ಬರೆದ ಹಾಗೆ, ಸಕ್ಸಸ್ ಅಂತ ಬರ್ತದೆ, ಫೈಲ್ ಹುಟ್ಟುದೇ ಇಲ್ಲ.

ನಮ್ಮಲ್ಲಿ ಎಲ್ಲ ಸಾಲುಗಳೂ ಸರಿ ಇದ್ದವು. ಡಿ ಡ್ರೈವ್, ಅದೇ ಫೋಲ್ಡರ್, 3 ಜಿಬಿ, ಸಂಜೆ ಏಳೂವರೆ ಕಳೆದು ಎರಡು ನಿಮಿಷ. ಎಸ್‌ಕ್ಯುಎಲ್ ಎರರ್ ಲಾಗ್‌ನಲ್ಲಿಯೂ 18264 ನಂಬರಿನ ಡೇಟಾಬೇಸ್ ಬ್ಯಾಕ್ಡ್ ಅಪ್ ಅನ್ನುವ ಮೆಸೇಜ್ ದಿನಾ ಉಂಟು. ಅಂದ್ರೆ ಬ್ಯಾಕಪ್ ಆದದ್ದು ನಿಜ, ಹಸಿರು ಕಿಟಕಿ ಹೇಳಿದ್ದು ನಿಜ, ಆದ ಮೇಲೆ ಯಾರೋ ಅಳಿಸಿದ್ದಾರೆ. ಹೊರಗಿಂದ ಫೈಲ್ ಡಿಲೀಟ್ ಆದ್ರೆ ಎಸ್‌ಕ್ಯುಎಲ್‌ಗೆ ಗೊತ್ತೇ ಆಗುದಿಲ್ಲ, ಅದರ ಪುಸ್ತಕದಲ್ಲಿ ಫೈಲ್ ಇನ್ನೂ ಇದ್ದ ಹಾಗೇ ಲೆಕ್ಕ. ಇದು ನನಗೆ ಓದಿ ಗೊತ್ತಿದ್ದ ವಿಷಯ, ಆದ್ರೆ ಅವತ್ತಿನ ತನಕ ಅರ್ಥ ಆಗಿರ್ಲಿಲ್ಲ.

ಟಾಸ್ಕ್ ಶೆಡ್ಯೂಲರ್ ತೆರೆದಾಗ ಸಂಜೆಯ ಟಾಸ್ಕಿನ ಕೆಳಗೆ ಇನ್ನೊಂದು ಟಾಸ್ಕ್ ಸಿಕ್ಕಿತು, ಬೆಳಿಗ್ಗೆ ಎಂಟು ಗಂಟೆಯದ್ದು, ಕ್ಲೀನಪ್ ಅಂತ ಹೆಸರು. ಲಾಸ್ಟ್ ರನ್ ಟೈಮ್ ಅದೇ ದಿನ ಬೆಳಿಗ್ಗೆ ಒಂಬತ್ತೂಕಾಲಕ್ಕೆ. ರಿಸಲ್ಟ್ ಸೊನ್ನೆ, ಅಂದ್ರೆ ಅದೂ ಸಕ್ಸಸ್. ಅದರ ಬ್ಯಾಚ್ ಫೈಲನ್ನು ನೋಟ್‌ಪ್ಯಾಡಲ್ಲಿ ತೆರೆದ್ರೆ ಒಂದೇ ಒಂದು ಸಾಲು. ಫಾರ್‌ಫೈಲ್ಸ್ ಕಮಾಂಡ್, ಬ್ಯಾಕಪ್ ಫೋಲ್ಡರಿನ ಹೆಸರು, ಮೈನಸ್ 7, ಡೆಲ್. ಏಳು ದಿನಕ್ಕಿಂತ ಹಳೆ ಫೈಲ್ ಅಳಿಸು ಅಂತ. ಡಿಸ್ಕ್ ತುಂಬದೆ ಇರ್ಲಿ ಅಂತ ಹಾಕಿದ್ದು, ದಿನಾ ಅಂಗಡಿ ತೆರೆಯುವಲ್ಲಿ ಅದು ಸರಿಯೇ, ಯಾವಾಗ್ಲೂ ಏಳು ಫೈಲ್ ಇರ್ತದೆ, ಒಂದು ಬರ್ತದೆ ಒಂದು ಹೋಗ್ತದೆ. ಆದ್ರೆ ಅಂಗಡಿ 12 ದಿನ ಮುಚ್ಚಿತ್ತು. ಕಂಪ್ಯೂಟರ್ ಆಫ್, ಹೊಸ ಬ್ಯಾಕಪ್ ಒಂದೂ ಇಲ್ಲ, ಇದ್ದ ಏಳೂ ಫೈಲ್ ಅಷ್ಟರಲ್ಲಿ ಏಳು ದಿನ ದಾಟಿ ಹಳತಾಗಿವೆ. ತೆಗೆದ ದಿನ ರೈಟ್ರು ಒಂಬತ್ತು ಗಂಟೆಗೆ ಕಂಪ್ಯೂಟರ್ ಹಾಕಿದ್ರು. ಎಂಟು ಗಂಟೆಯ ಟಾಸ್ಕ್ ತಪ್ಪಿ ಹೋಗಿತ್ತಲ್ಲ, ತಪ್ಪಿದ್ರೆ ಆದಷ್ಟು ಬೇಗ ಓಡಿಸು ಅನ್ನುವ ಟಿಕ್ ಅದಕ್ಕೆ ಹಾಕಿದ್ರು, ಕಂಪ್ಯೂಟರ್ ಶುರು ಆಗಿ ಹತ್ತು ನಿಮಿಷ ಬಿಟ್ಟು ಅದು ಓಡಿತು. ಏಳಕ್ಕೆ ಏಳೂ ಹೋಯ್ತು. ಬ್ಯಾಕಪ್‌ನ ಟಾಸ್ಕಿಗೆ ಮಾತ್ರ ಆ ಟಿಕ್ ಇಲ್ಲ, ಬೆಳಿಗ್ಗೆ ಬಿಲ್ಲಿಂಗ್ ಸ್ಲೋ ಆಗ್ತದೆ ಅಂತ. ಹಾಗಾಗಿ ಹೊಸ ಬ್ಯಾಕಪ್ ಆಗ್ಬೇಕಿದ್ದದ್ದು ಸಂಜೆ ಏಳೂವರೆಗೆ, ಮಿಂಚು ಬಂದದ್ದು ಮೂರು ಗಂಟೆಗೆ. ಮತ್ತೆ ಡೆಲ್ ಕಮಾಂಡಲ್ಲಿ ಅಳಿಸಿದ್ದು ರೀಸೈಕಲ್ ಬಿನ್ನಿಗೆ ಹೋಗುದಿಲ್ಲ, ಸೀದಾ ಹೋದದ್ದೇ.

ಇದು ನಿಜವಾ ಅಂತ ರಾತ್ರಿ ಮನೆಯಲ್ಲಿ ಲ್ಯಾಪ್‌ಟಾಪಲ್ಲಿ ಮಾಡಿ ನೋಡಿದೆ. ಏಳು ಸಣ್ಣ ಫೈಲ್ ಮಾಡಿ, ಒಂದೊಂದಕ್ಕೆ ಒಂದೊಂದು ಹಿಂದಿನ ದಿನದ ತಾರೀಕು ಕೊಟ್ಟು, ಲ್ಯಾಪ್‌ಟಾಪಿನ ತಾರೀಕು 12 ದಿನ ಮುಂದೆ ಇಟ್ಟು ಅದೇ ಸಾಲು ಓಡಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಫೋಲ್ಡರ್ ಖಾಲಿ. ಎರರ್ ಇಲ್ಲ, ಒಂದು ಪ್ರಶ್ನೆ ಇಲ್ಲ.

ಇನ್ನು ನಾನು ಮಾಡಿದ ದೊಡ್ಡ ತಪ್ಪು ಹೇಳ್ಬೇಕು, ಬೇರೆ ಯಾರೂ ಮಾಡ್ಬಾರ್ದು ಅಂತಲೇ ಬರೀತಿದ್ದೇನೆ. ಫೋಲ್ಡರ್ ಖಾಲಿ ಅಂತ ಕಂಡ ಕೂಡ್ಲೆ ನಾನು ಆ ಡಿಸ್ಕನ್ನು ಬಿಚ್ಚಿ ಬದಿಗೆ ಇಡ್ಬೇಕಿತ್ತು. ಡಿಲೀಟ್ ಆದ ಫೈಲಿನ ಜಾಗದ ಮೇಲೆ ಬೇರೆ ಎಂತದೂ ಬರೆಯದೆ ಇದ್ರೆ ರಿಕವರಿ ಸಾಫ್ಟ್‌ವೇರಲ್ಲಿ ಎಷ್ಟೋ ಸಲ ವಾಪಸ್ ಸಿಗ್ತದೆ. ನಾನು ಎಂತ ಮಾಡಿದೆ ಅಂದ್ರೆ, ಸಸ್ಪೆಕ್ಟ್ ಆದ ಡೇಟಾಬೇಸನ್ನು ರಿಪೇರಿ ಮಾಡುವ ಮೊದಲು ಒಂದು ಕಾಪಿ ಇರ್ಲಿ ಅಂತ ಎಂಡಿಎಫ್ (ಡೇಟಾ ಫೈಲ್), ಎಲ್‌ಡಿಎಫ್ (ಲಾಗ್ ಫೈಲ್) ಎರಡನ್ನೂ ಅದೇ ಡಿ ಡ್ರೈವಿಗೆ ಕಾಪಿ ಮಾಡಿದೆ. ಕಾಪಿ ಇಡುದು ಸರಿ, ಇಟ್ಟ ಜಾಗ ತಪ್ಪು. ಎಲ್‌ಡಿಎಫ್ ಒಂದೇ 11 ಜಿಬಿ ಊದಿತ್ತು. ಡಿ ಮೊದಲೇ ತುಂಬಿ ತುಳುಕ್ತಿತ್ತು, ಖಾಲಿ ಅಂತ ಇದ್ದದ್ದೇ ಹೆಚ್ಚುಕಮ್ಮಿ ಆ ಏಳು ಬ್ಯಾಕಪ್ಪಿನ ಜಾಗ, ವಿಂಡೋಸ್ ಬರೆದದ್ದು ಅದರ ಮೇಲೆಯೇ. ಮಾರನೇ ದಿನ ರಿಕವರಿ ಓಡಿಸಿದಾಗ ಏಳೂ ಹೆಸರು ಬಂತು, ಸೈಜ್ ಸಹ ಸರಿ ತೋರಿಸಿತು, ನನಗೆ ಕಣ್ಣಲ್ಲಿ ನೀರು ಬಂದಿತ್ತು. ಬ್ಯಾಕಪ್ಪಿನ ತಲೆಭಾಗ ಮಾತ್ರ ಓದುವ ರಿಸ್ಟೋರ್ ಹೆಡರ್‌ಓನ್ಲಿ ಕೊಟ್ರೆ ಎರಡು ಫೈಲ್ ಮಾತ್ರ ಓದಿತು, ಪೂರ್ತಿ ಓದಿ ಪರೀಕ್ಷೆ ಮಾಡುವ ರಿಸ್ಟೋರ್ ವೆರಿಫೈಓನ್ಲಿ ಕೊಟ್ರೆ ಆ ಎರಡೂ ಅರ್ಧದಲ್ಲಿ ನಿಂತವು.

ಕೊನೆಗೆ ಡೇಟಾಬೇಸನ್ನು ಎಮರ್ಜೆನ್ಸಿ ಮೋಡ್‌ಗೆ ಹಾಕಿ ಓದ್ಲಿಕ್ಕೆ ಆದಷ್ಟನ್ನು ಹೊರಗೆ ತೆಗೆದೆ. ಕೃಷಿಕರ ಹೆಸರು, ವಿಳಾಸ, ದರದ ಪಟ್ಟಿ ಬಂತು. ಖರೀದಿಯ ಟೇಬಲ್, ಅಡ್ವಾನ್ಸಿನ ಟೇಬಲ್ ಬರ್ಲಿಲ್ಲ. ಮಾರ್ಚ್ ಕೊನೆಗೆ ಆಡಿಟರಿಗೆ ಅಂತ ಪೆನ್‌ಡ್ರೈವಲ್ಲಿ ಕೊಟ್ಟ ಒಂದು ಕಾಪಿ ಇತ್ತು, ಅದನ್ನು ಹಾಕಿ ಏಪ್ರಿಲಿಂದ ಈಚೆಗೆ ಎಲ್ಲ ಕೈಯಲ್ಲಿ ಹೊಡೀಬೇಕಾಯ್ತು. ವ್ಯಾಪಾರಿಗಳಿಗೆ ಮಾರಿದ ಬಿಲ್ಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ತುಂಬಿಸಿದಷ್ಟು ಸಿಕ್ಕಿತು, ಕೃಷಿಕರ ಕೈಯಿಂದ ತಗೊಂಡದ್ದು ಅಲ್ಲಿ ಎಲ್ಲಿ ಇರ್ತದೆ. ಅದಕ್ಕೆ ಕಾರ್ಬನ್ ಕಾಪಿಯ ಬಿಲ್ ಪುಸ್ತಕವೇ ಗತಿ. ಟೈಪ್ ಮಾಡ್ಲಿಕ್ಕೆ ಕಾಸರಗೋಡಿಂದ ಇಬ್ಬರು ಹುಡುಗರನ್ನು ಕರೆಸಿದ್ರೆ ಅವರಿಗೆ ಮಲಯಾಳ, ಇಂಗ್ಲಿಷ್ ಮಾತ್ರ ಬರುದು, ಬಿಲ್ಲಿನಲ್ಲಿ ಇದ್ದದ್ದು ಯಜಮಾನ್ರ ಕೈಬರಹದ ಕನ್ನಡ, ಹೊಸ ಚಾಲಿ, ಹಳೆ ಚಾಲಿ, ಪಟೋರ, ಕೋಕ ಅಂತ ಅಡಿಕೆಯ ಬಗೆಗಳನ್ನು ಗೀಚಿ ಬರೆದದ್ದು, ಅದೂ ಕಾರ್ಬನ್ನಲ್ಲಿ ಅರ್ಧ ಮಾಸಿದ್ದು. ಕಡೆಗೆ ನನ್ನ ತಂಗಿ ಓದಿ ಹೇಳುದು, ಹುಡುಗರು ಹೊಡಿಯುದು. 19 ದಿನ. ಅಡ್ವಾನ್ಸ್ ತಗೊಂಡವರದ್ದು ಇನ್ನೂ ಕಷ್ಟ ಆಯ್ತು, ಯಜಮಾನ್ರು ಮನೆಮನೆಗೆ ಹೋಗಿ ನಿಮ್ಮ ಲೆಕ್ಕದಲ್ಲಿ ಎಷ್ಟು ಉಂಟು ಹೇಳಿ ಅಂತ ಕೇಳಿದ್ರು. ಹೆಚ್ಚಿನವರು ಇದ್ದದ್ದನ್ನೇ ಹೇಳಿದ್ರು, ನಮ್ಮ ಊರಿನ ಜನ ಅದರಲ್ಲಿ ಒಳ್ಳೆಯವರು. ಆದ್ರೆ ತಾಯಿ ಹೋದ ತಿಂಗಳಲ್ಲಿ ಒಬ್ಬ ಮನುಷ್ಯ ಹಾಗೆ ಮನೆಮನೆ ತಿರುಗುವ ಹಾಗೆ ಆದದ್ದು ನನಗೆ ತಡೀಲಿಕ್ಕೆ ಆಗುದಿಲ್ಲ.

ಈಗ ಅಲ್ಲಿ ಎಂತ ಬದಲು ಮಾಡಿದ್ದೇನೆ ಅಂದ್ರೆ, ಅಳಿಸುವ ಕೆಲಸಕ್ಕೆ ಬೇರೆ ಟಾಸ್ಕ್ ಇಲ್ಲ. ಮೊದಲು ಬ್ಯಾಕಪ್, ಚೆಕ್‌ಸಮ್ (ಡೇಟಾ ಹಾಳಾಗಿದ್ರೆ ಹಿಡಿಯುವ ಲೆಕ್ಕ) ಹಾಕಿ. ಮತ್ತೆ ವೆರಿಫೈಓನ್ಲಿ. ಮತ್ತೆ ಹೊಸ ಫೈಲ್ ಫೋಲ್ಡರಲ್ಲಿ ಕಣ್ಣಿಗೆ ಕಾಣ್ತದಾ, ನಿನ್ನೆಯದ್ದರ ಹತ್ರ ಹತ್ರ ಸೈಜ್ ಉಂಟಾ ಅಂತ ಸ್ಕ್ರಿಪ್ಟೇ ನೋಡ್ತದೆ. ಇಷ್ಟೆಲ್ಲ ಸರಿ ಇದ್ರೆ ಮಾತ್ರ ಹಳತನ್ನು ತೆಗೀತದೆ, ಅದೂ ದಿನದ ಲೆಕ್ಕದಲ್ಲಿ ಅಲ್ಲ, ಸಂಖ್ಯೆಯ ಲೆಕ್ಕದಲ್ಲಿ. ತಾರೀಕು ಪ್ರಕಾರ ಜೋಡಿಸಿ ಹೊಸ ಏಳನ್ನು ಬಿಟ್ಟು ಉಳಿದದ್ದು ಮಾತ್ರ ಅಳಿಸುದು, ಪವರ್‌ಶೆಲ್‌ನಲ್ಲಿ ಎರಡು ಸಾಲಿನ ಕೆಲಸ. ಅಂಗಡಿ ಒಂದು ತಿಂಗಳು ಮುಚ್ಚಿದ್ರೂ ಏಳು ಫೈಲ್ ಅಲ್ಲೇ ಕೂತಿರ್ತದೆ. ಬ್ಯಾಚ್ ಫೈಲಲ್ಲಿ ಎಸ್‌ಕ್ಯುಎಲ್‌ಸಿಎಂಡಿ (ಎಸ್‌ಕ್ಯುಎಲ್ ಸರ್ವರ್‌ಗೆ ಕಮಾಂಡ್ ಕೊಡುವ ಟೂಲ್) ಉಪಯೋಗಿಸುವವರು ಮೈನಸ್ ಬಿ ಹಾಕಿದ್ದಾರಾ ನೋಡಿ, ಅದಿಲ್ಲದಿದ್ರೆ ಬ್ಯಾಕಪ್ ಫೇಲ್ ಆದ್ರೂ ಟಾಸ್ಕ್ ಶೆಡ್ಯೂಲರಲ್ಲಿ ಸೊನ್ನೆಯೇ ಬರ್ತದೆ, ಯಾರಿಗೂ ಗೊತ್ತಾಗುದಿಲ್ಲ. ಅಲ್ಲದೆ ಎರಡು ಪೆನ್‌ಡ್ರೈವ್, ಶನಿವಾರ ಶನಿವಾರ ಬದಲಿಸುದು, ಒಂದು ಯಾವಾಗ್ಲೂ ಯಜಮಾನ್ರ ಮನೆಯ ಕಪಾಟಲ್ಲಿ. ರೈಟ್ರು ಈಗ ಹಸಿರು ಕಿಟಕಿ ನೋಡಿ ಹೋಗುದಲ್ಲ, ಫೋಲ್ಡರ್ ತೆರೆದು ಅದರ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಿ ಹೋಗ್ತಾರೆ. ಯುಪಿಎಸ್ ಬ್ಯಾಟರಿ ಹೊಸತು.

ಸಾಫ್ಟ್‌ವೇರ್‌ನವರಿಗೆ ಫೋನ್ ಮಾಡಿದಾಗ ಬಂದ ಉತ್ತರ, ನಮ್ಮ ಬ್ಯಾಕಪ್ ಸಕ್ಸಸ್ ಆಗಿದೆ ಸರ್, ಲಾಗ್ ನೋಡಿ ಅಂತ. ಲಾಗ್ ಸರಿಯೇ ಇತ್ತು, ಅದು ನನಗೂ ಗೊತ್ತು. ಅವರು ಇದೇ ಬ್ಯಾಚ್ ಫೈಲನ್ನು ಎಷ್ಟು ಕಡೆ ಹಾಕಿದ್ದಾರೋ ಅಂತ ಹೆದರಿಕೆ ಆಗಿ ನಾನು ಹೋಗುವ ಅಂಗಡಿಗಳಲ್ಲಿ ಎಲ್ಲ ಟಾಸ್ಕ್ ಶೆಡ್ಯೂಲರ್ ತೆರೆದು ನೋಡಿದೆ. ಎರಡು ಕಡೆ ಅದೇ ಸಾಲು, ಅದೇ ಮೈನಸ್ 7. ಅದರಲ್ಲಿ ಒಬ್ಬರು ಮಗಳ ಮದುವೆಗೆ ಅಂತ ನಾಡಿದ್ದಿಂದ ಹತ್ತು ದಿನ ಬಾಗಿಲು ಹಾಕುವವರಿದ್ರು. ನಿನ್ನೆ ರಾತ್ರಿಯೇ ಹೋಗಿ ಬದಲಿಸಿ ಬಂದೆ.