ಐವತ್ತು ದಾಟಿದವರಿಗೆ ಯಾವುದು ಹೊಂದುತ್ತೆ: ಕೋರಮಂಗಲ, ಇಂದಿರಾನಗರ, ಚರ್ಚ್ ಸ್ಟ್ರೀಟ್?

ಮಗಳು ಕೋರಮಂಗಲದ ಪಿಜಿಯಲ್ಲಿದ್ದಾಳೆ. ಅಲ್ಲಿ ಮನೆಯವರು ರಾತ್ರಿ ಉಳಿಯುವ ಹಾಗಿಲ್ಲ. ಹಾಗಾಗಿ ಕಳೆದ ದೀಪಾವಳಿ ಮುಗಿಸಿ ನಾನೂ ಅಕ್ಕನೂ ಶಿವಮೊಗ್ಗದಿಂದ ಹೊರಟಾಗ ಒಂದು ಯೋಚನೆ ಮಾಡಿದೆವು. ಬೆಂಗಳೂರಿನ ಹುಡುಗ ಹುಡುಗಿಯರು ಜಾಸ್ತಿ ಸೇರುವ ಮೂರು ಕಡೆ ಒಂದೊಂದು ರಾತ್ರಿ ರೂಮ್ ಮಾಡೋಣ, ಯಾವುದು ನಮಗೆ ಹೊಂದುತ್ತೆ ಅಂತ ನೋಡೋಣ. ನನಗೆ 53. ಅಕ್ಕನಿಗೆ 58, ಜೊತೆಗೆ ಮಂಡಿ ನೋವು. ನಡೆಯೋಕೆ ಆಗುತ್ತಾ, ಕೂರೋಕೆ ಜಾಗ ಇದೆಯಾ, ಮಾತಾಡಿದ್ದು ಕೇಳಿಸುತ್ತಾ, ನಿದ್ದೆ ಬರುತ್ತಾ. ನಮಗೆ ಬೇಕಿದ್ದದ್ದು ಇಷ್ಟೇ.

ಮೊದಲು ಕೋರಮಂಗಲ. 5ನೇ ಬ್ಲಾಕಿನಲ್ಲಿ, ಜ್ಯೋತಿ ನಿವಾಸ್ ಕಾಲೇಜಿನ ಆಸುಪಾಸಿನಲ್ಲಿ ರೂಮ್ ಸಿಕ್ಕಿತು. ಫ್ಲಿಪ್‌ಕಾರ್ಟ್ 2007ರಲ್ಲಿ ಶುರುವಾಗಿದ್ದು ಇದೇ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಈಗಲೂ ಮನೆಗಳ ನಡುವೆಯೇ ಕಂಪನಿ ಬೋರ್ಡುಗಳು, ಪಕ್ಕದಲ್ಲೇ ಪಿಜಿಗಳು. ಊಟಕ್ಕಂತೂ ಮೂರರಲ್ಲಿ ಇದೇ ಮೇಲು. ದೋಸೆ, ಆಂಧ್ರ ಊಟ, ಮೋಮೋ, ಏನು ಬೇಕೋ ಅದು, ಕಮ್ಮಿ ದುಡ್ಡಿಗೆ. ರಾತ್ರಿ ಹತ್ತೂವರೆಗೂ ಬೀದಿ ತುಂಬ ಜನ. ಇಬ್ಬರು ಹೆಂಗಸರು ಒಂಟಿಯಾಗಿ ನಡೆಯುತ್ತಿದ್ದೇವೆ ಅಂತ ಒಮ್ಮೆಯೂ ಅನಿಸಲಿಲ್ಲ.

ಆದರೆ ನಡೆಯೋದೇ ಕಷ್ಟ. ಫುಟ್‌ಪಾತ್ ಮೇಲೆ ಬೈಕು, ಬೈಕು ದಾಟಿದರೆ ಅಲುಗಾಡುವ ಚಪ್ಪಡಿ. ನೂರು ಹೆಜ್ಜೆಯೊಳಗೆ ಅಕ್ಕ ನಾಲ್ಕು ಸಲ ರಸ್ತೆಗೆ ಇಳಿದು ಹತ್ತಿದಳು. ಹತ್ತಿರದಲ್ಲಿ ಮೆಟ್ರೋ ಇಲ್ಲ, ಎಲ್ಲಿಗೆ ಹೋದರೂ ಆಟೋನೇ ಗತಿ. ನಿದ್ದೆಯ ಮಾತು ಬಿಡಿ. ನಮ್ಮ ರೂಮಿನ ಕೆಳಗೇ ಪಬ್ ಇತ್ತು. ಬುಕ್ ಮಾಡುವಾಗ ಯಾರೂ ಹೇಳಿರಲಿಲ್ಲ. ಒಂದು ಗಂಟೆಯವರೆಗೂ ಆ ಧಡ್ ಧಡ್ ಸದ್ದು ಮಂಚದ ಕಾಲಿಂದ ಹತ್ತಿ ಬೆನ್ನಿಗೆ ಬಡಿಯುತ್ತಿತ್ತು.

ಹೀಗಿದ್ದರೂ ಕೋರಮಂಗಲವನ್ನು ಬಿಡೋಕೆ ಮನಸ್ಸಿಲ್ಲ, ಅಲ್ಲಿನ ಒಂದು ಬೇಕರಿಯಿಂದಾಗಿ. ಮಗಳು ಕೆಲಸ ಮುಗಿಸಿ ನಾಲ್ಕು ಜನ ಗೆಳತಿಯರ ಜೊತೆ ಅಲ್ಲಿಗೆ ಬಂದಳು. ಎಲ್ಲರೂ ನಿಂತೇ ಟೀ ಕುಡಿಯೋದು. ಅವರಲ್ಲೊಬ್ಬಳು ಒಳಗೆ ಹೋಗಿ, ಬೇಕರಿಯವರು ಬಿಸ್ಕತ್ತಿನ ಡಬ್ಬ ಇಟ್ಟಿದ್ದ ಸ್ಟೂಲನ್ನೇ ಕೇಳಿ ತಂದು, ಧೂಳು ಒರೆಸಿ, "ದೊಡ್ಡಮ್ಮ, ಕೂತ್ಕೊಳ್ಳಿ" ಅಂದಳು. ಒಂದು ಎಗ್ ಪಫ್ಸನ್ನು ಐದು ಜನ ಮುರಿದು ತಿಂದರು. ಮಗಳು ಇಲ್ಲಿ ಒಬ್ಬಳೇ ಇಲ್ಲ ಅಂತ ಗೊತ್ತಾಗಿದ್ದು ಆಗಲೇ.

ಎರಡನೇ ದಿನ ಇಂದಿರಾನಗರ. ಸಂಜೆ 100 ಅಡಿ ರಸ್ತೆಯ ಒಂದು ಕಡೆ ಊಟಕ್ಕೆ ಹೋದೆವು. ಎತ್ತರದ ಸ್ಟೂಲು, ಬೆನ್ನಿಗೆ ಆಸರೆ ಇಲ್ಲ, ಕಾಲು ನೆಲಕ್ಕೆ ಎಟುಕಲ್ಲ. ಮೆನು ಫೋನಿನಲ್ಲಿ, ಅಕ್ಷರ ಸಾಸಿವೆ ಕಾಳಿನಷ್ಟು. ಮಾತಾಡಬೇಕಾದರೆ ಕಿವಿಯ ಹತ್ತಿರ ಬಾಯಿ ಇಡಬೇಕು. ಹತ್ತೇ ನಿಮಿಷಕ್ಕೆ ಎದ್ದು ಬಂದೆವು. ಈ ಗದ್ದಲದ ವಿಷಯಕ್ಕೆ ಅಲ್ಲಿನ ಮನೆಗಳವರೇ ವರ್ಷಗಳಿಂದ ಹೋರಾಡುತ್ತಿದ್ದಾರೆ. ಅವರ ಕಷ್ಟ ಒಂದು ರಾತ್ರಿಯಲ್ಲೇ ಅರ್ಥವಾಯಿತು.

ಮಾರನೇ ಬೆಳಿಗ್ಗೆ ಆರೂವರೆಗೆ ಹೊರಗೆ ಬಂದರೆ ಅದು ಬೇರೆಯೇ ಊರು. 12ನೇ ಮೇನಿನ ಹಿಂದಿನ ಅಡ್ಡರಸ್ತೆಗಳಲ್ಲಿ, ಡಿಫೆನ್ಸ್ ಕಾಲೋನಿಯಲ್ಲಿ ಇನ್ನೂ ಹಳೇ ಮನೆಗಳಿವೆ, ದೊಡ್ಡ ಮರಗಳಿವೆ. ಆಕಾಶಮಲ್ಲಿಗೆ ಹೂವು ಬಿಡುವ ಕಾಲ. ಉದ್ದ ತೊಟ್ಟಿನ ಬಿಳಿ ಹೂವು ಫುಟ್‌ಪಾತ್ ತುಂಬ ಬಿದ್ದಿತ್ತು. ಅಕ್ಕ ಸೆರಗಿನ ತುಂಬ ಆರಿಸಿಕೊಂಡಳು. ತೊಟ್ಟಿಗೆ ತೊಟ್ಟು ಹೆಣೆದರೆ ದಾರವೇ ಬೇಡ, ಚಿಕ್ಕವರಿದ್ದಾಗ ಹಾಗೇ ಜಡೆ ಮಾಡುತ್ತಿದ್ದೆವು. ವಾಕಿಂಗ್ ಬಂದಿದ್ದವರು ಬಹುತೇಕ ನಮ್ಮ ವಯಸ್ಸಿನವರೇ. ಒಬ್ಬರು ಹಿರಿಯರು ನಾಯಿಯ ಹಗ್ಗ ಹಿಡಿದು ನಿಂತು, ಒಳ್ಳೆ ಕಾಫಿ ಎಲ್ಲಿ ಸಿಗುತ್ತೆ ಅಂತ ದಾರಿ ತೋರಿಸಿದರು. ಇಂದಿರಾನಗರಕ್ಕೆ ಹೋಗೋದಾದರೆ ಬೆಳಿಗ್ಗೆನೇ ಹೋಗಬೇಕು. ಮೆಟ್ರೋ ನಿಲ್ದಾಣವೂ ಸಿಎಂಎಚ್ ರಸ್ತೆಯಲ್ಲೇ ಇದೆ.

ಮೂರನೆಯದು ಚರ್ಚ್ ಸ್ಟ್ರೀಟ್. ಎಂ.ಜಿ. ರಸ್ತೆ ಮೆಟ್ರೋದಲ್ಲಿ ಇಳಿದು ನಡೆದೇ ಹೋಗಬಹುದು. ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆವರೆಗೆ ಚಿಕ್ಕ ಬೀದಿ. 2018ರಲ್ಲಿ ಕಲ್ಲು ಹಾಸಿ ಹೊಸದು ಮಾಡಿದ್ದಾರೆ. ಅಕ್ಕ ಈ ತುದಿಯಿಂದ ಆ ತುದಿಗೆ ಎಲ್ಲೂ ನನ್ನ ಕೈ ಹಿಡಿಯದೆ ನಡೆದಳು. ಮೂರು ದಿನದಲ್ಲಿ ಅದೇ ಮೊದಲು.

ಇಲ್ಲಿ ಹುಡುಗರು ಕಮ್ಮಿ ಅಂತಲ್ಲ. ಶನಿವಾರ ಸಂಜೆ ಕಾಲಿಡೋಕೆ ಜಾಗ ಇರಲಿಲ್ಲ. ಒಬ್ಬ ಗಿಟಾರ್ ನುಡಿಸುತ್ತಿದ್ದ, ಸುತ್ತ ರೀಲ್ಸ್ ತೆಗೆಯುವವರು. ಆದರೆ ಸುಸ್ತಾದರೆ ಒಳಗೆ ಹೋಗಿ ಕೂರೋಕೆ ಜಾಗ ಉಂಟು. ಬ್ಲಾಸಮ್ ಅನ್ನೋ ಪುಸ್ತಕದಂಗಡಿಯಲ್ಲಿ ನಾನು ಮೆಟ್ಟಿಲು ಹತ್ತಿ ಮೂರೂ ಮಹಡಿ ನೋಡಿದೆ. ಅಕ್ಕ ಕೆಳಗೇ ಪುಸ್ತಕ ತಿರುವಿಹಾಕುತ್ತಾ ಇದ್ದಳು. ಯಾರೂ ಏನು ಬೇಕು ಅಂತ ಅವಸರ ಮಾಡಲಿಲ್ಲ. ಆಮೇಲೆ ಇಂಡಿಯಾ ಕಾಫಿ ಹೌಸ್. ಮೊದಲು ಎಂ.ಜಿ. ರಸ್ತೆಯಲ್ಲಿದ್ದದ್ದು 2009ರಲ್ಲಿ ಇಲ್ಲಿಗೆ ಬಂತು. ಅಕ್ಕ ಮದುವೆಯಾದ ಹೊಸದರಲ್ಲಿ ಭಾವನ ಜೊತೆ ಆ ಹಳೇ ಜಾಗದಲ್ಲಿ ಕಾಫಿ ಕುಡಿದಿದ್ದಳು. ಬಿಳಿ ಬಟ್ಟೆ, ತಲೆಗೆ ಪೇಟ ಹಾಕಿದವರು ಕಪ್ ತಂದಿಟ್ಟಾಗ ಸ್ವಲ್ಪ ಹೊತ್ತು ಅವಳು ಮಾತೇ ಆಡಲಿಲ್ಲ. ಭಾವ ಹೋಗಿ ಆರು ವರ್ಷ ಆಯಿತು. ನಮ್ಮ ಪಕ್ಕದ ಮೇಜಿನಲ್ಲಿ ಕಾಲೇಜು ಹುಡುಗರು ಪರೀಕ್ಷೆಗೆ ಓದುತ್ತಿದ್ದರು. ಅಲ್ಲಿ ನಾವು ಬೇರೆಯವರು ಅಂತ ಅನಿಸಲೇ ಇಲ್ಲ.

ರೂಮ್ ಬಾಡಿಗೆ ಮಾತ್ರ ಇಲ್ಲೇ ಜಾಸ್ತಿ, ಕೋರಮಂಗಲದ ಒಂದೂವರೆ ಪಟ್ಟು. ಆದರೂ ನಾನು ಇದಕ್ಕೇ ದುಡ್ಡು ಹಾಕುತ್ತೇನೆ. ಒಳಗಿನ ರಸ್ತೆಯಲ್ಲಿ ರೂಮ್ ಕೇಳಿ ಪಡೆದಿದ್ದರಿಂದ ರಾತ್ರಿಯೆಲ್ಲಾ ಒಳ್ಳೇ ನಿದ್ದೆ.

ಮುಂದಿನ ಸಲ ಎಲ್ಲಾ ರಾತ್ರಿಯೂ ಚರ್ಚ್ ಸ್ಟ್ರೀಟ್ ಹತ್ತಿರವೇ. ಬೆಳಿಗ್ಗೆ ಮೆಟ್ರೋ ಹತ್ತಿದರೆ ಟ್ರಿನಿಟಿ, ಹಲಸೂರು, ಮೂರನೆಯದೇ ಇಂದಿರಾನಗರ. ಮಗಳಿಗೆ ಹೇಳಿದೆ, ಈ ಸಲ ನೀನೇ ನಮ್ಮ ಹತ್ತಿರ ಬಾ ಅಂತ. "ಬರ್ತೀನಿ, ಆದ್ರೆ ಒಂದು ಸಂಜೆ ಬೇಕರಿಗೆ ಬರಲೇಬೇಕು, ದೊಡ್ಡಮ್ಮ ಎಲ್ಲಿ ಅಂತ ಅವಳು ಕೇಳ್ತಾನೇ ಇರ್ತಾಳೆ" ಅಂದಳು. ಅಕ್ಕ ಈಗಲೇ ಆ ಹುಡುಗಿಗೆ ಅಂತ ಚಕ್ಕುಲಿ ಡಬ್ಬ ತೆಗೆದಿಟ್ಟಿದ್ದಾಳೆ.