ಯಾವ ಪ್ರೋಸೆಸ್ ನೆಟ್ ತಿನ್ನುತ್ತಿದೆ? ನೆಟ್‌ಹಾಗ್ಸ್, ಬ್ಯಾಂಡ್‌ವಿಚ್, ಟಿಸಿಪಿಟಾಪ್, ಸಿಸ್ಟಮ್‌ಡಿ ಓಡಿಸಿ ನೋಡಿದ ಹೋಲಿಕೆ

ಲಿನಕ್ಸ್ ಸರ್ವರ್‌ನಲ್ಲಿ ಯಾವ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ಎಷ್ಟು ನೆಟ್ ಬಳಸುತ್ತಿದೆ ಎಂದು ಪತ್ತೆ ಮಾಡುವ ಸಾಧನಗಳಲ್ಲಿ ನನ್ನ ಓಟು, ಸರ್ವಿಸ್‌ಗಳನ್ನು (ಹಿನ್ನೆಲೆಯಲ್ಲಿ ನಡೆಯುವ ಕೆಲಸಗಳನ್ನು) ನೋಡಿಕೊಳ್ಳುವ ಸಿಸ್ಟಮ್‌ಡಿಯ ಐಪಿ ಅಕೌಂಟಿಂಗ್‌ಗೆ, ಅಂದರೆ ನೆಟ್ ಬಳಕೆಯ ಲೆಕ್ಕಕ್ಕೆ. ಅದಕ್ಕೆ ದುಡ್ಡು ಬೇಡ. ಹೊಸದಾಗಿ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ನಾನು ಎದುರಿಗೆ ಕೂತಿರದಿದ್ದರೂ ಲೆಕ್ಕ ಬರೆದಿಡುತ್ತದೆ. ಉಳಿದವು ಕೆಟ್ಟವೇನಲ್ಲ, ನೆಟ್‌ಹಾಗ್ಸ್ ಅಂತೂ ನಾನು ನೋಡಿಕೊಳ್ಳುವ ಎಲ್ಲ ಸರ್ವರ್‌ಗಳಲ್ಲೂ ಇದೆ. ಆದರೆ ದುಡ್ಡು ಕೊಟ್ಟು ತೆಗೆದುಕೊಂಡ ಒಂದು ಮಾನಿಟರಿಂಗ್ ಸೇವೆ ಕೈಕೊಟ್ಟ ಮೇಲೆ ಇವನ್ನೆಲ್ಲ ಒಂದೇ ಸರ್ವರ್ ಮೇಲೆ ಓಡಿಸಿದೆ. ಯಾವುದು ಎಲ್ಲಿ ಸೋಲುತ್ತದೆ ಎನ್ನುವುದು ಆಗ ಗೊತ್ತಾಯಿತು.

ಸರ್ವರ್ ಇರುವುದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ಆಫೀಸಿನಲ್ಲಿ. ಡೆಬಿಯನ್ ಲಿನಕ್ಸ್ ಹಾಕಿದ ಹಳೆಯ ಯಂತ್ರ. ಬಳಸುವವರಲ್ಲಿ ಜಾಸ್ತಿ ಜನ ಮಂಡ್ಯದ ಬೆಲ್ಲದ ವ್ಯಾಪಾರಿಗಳು. ಬಿಲ್ಲು, ರೈತರ ಬಾಕಿ, ಲಾರಿ ಬಾಡಿಗೆ ಎಲ್ಲ ಅದರಲ್ಲೇ. ವ್ಯಾಪಾರ ಜೋರಾಗಿರುವ ಹೊತ್ತಿಗೇ ಫೋನ್ ಬರುತ್ತಿತ್ತು: "ಸಾರ್, ಪೇಜ್ ಓಪನ್ ಆಗ್ತಿಲ್ಲ, ರೈತ್ರು ಮುಂದೆ ನಿಂತವ್ರೆ." ವಿಎನ್‌ಸ್ಟಾಟ್ ಎಂಬ ಸಾಧನದ ಗಂಟೆವಾರು ಲೆಕ್ಕದಲ್ಲಿ ಆ ಹೊತ್ತಿಗೆ ಅಪ್‌ಲೋಡ್ ತುಂಬಿ ಹೋಗಿರುವುದು ಕಾಣುತ್ತಿತ್ತು. ಆದರೆ ವಿಎನ್‌ಸ್ಟಾಟ್ ಕೊಡುವುದು ಇಂಟರ್‌ಫೇಸಿನ (ನೆಟ್‌ವರ್ಕ್ ಕಾರ್ಡಿನ) ಒಟ್ಟು ಲೆಕ್ಕ ಮಾತ್ರ. ಐಎಫ್‌ಟಾಪ್ ಯಾವ ವಿಳಾಸಕ್ಕೆ ಎಷ್ಟು ಹೋಗುತ್ತಿದೆ ಎನ್ನುತ್ತದೆ, ಯಾವ ಪ್ರೋಸೆಸ್ ಕಳಿಸುತ್ತಿದೆ ಎನ್ನುವುದಿಲ್ಲ.

ದುಡ್ಡು ಕೊಟ್ಟಿದ್ದು ಆಗಲೇ. ವರ್ಷದ ಚಂದಾ ಮುಂಗಡವಾಗಿ ಕಟ್ಟಬೇಕಿತ್ತು. ಪ್ರತಿ ಪ್ರೋಸೆಸ್ಸಿನ ನೆಟ್‌ವರ್ಕ್ ಬಳಕೆ ತೋರಿಸುತ್ತೇವೆ ಎಂದು ಜಾಹೀರಾತಿನಲ್ಲಿ ದೊಡ್ಡದಾಗಿ ಬರೆದಿದ್ದರು. ಡ್ಯಾಶ್‌ಬೋರ್ಡ್ ತೆರೆದರೆ ಎಂಜಿನ್‌ಎಕ್ಸ್ (ವೆಬ್ ಸರ್ವರ್), ಪೋಸ್ಟ್‌ಗ್ರೆಸ್ (ಡೇಟಾಬೇಸ್), ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವಂಥದ್ದು) ಮೂರಕ್ಕೂ ಒಂದೇ ಸಂಖ್ಯೆ! ಎಸ್‌ಟ್ರೇಸ್ ಹಾಕಿ ಅವರ ಏಜೆಂಟ್ (ನಮ್ಮ ಸರ್ವರ್‌ನಲ್ಲಿ ಓಡುವ ಅವರ ಪ್ರೋಗ್ರಾಮ್) ಏನು ಓದುತ್ತಿದೆ ಎಂದು ನೋಡಿದೆ. ಲಿನಕ್ಸ್ ತನ್ನ ಒಳಗಿನ ಸ್ಥಿತಿಯನ್ನು ಫೈಲುಗಳಂತೆ ತೋರಿಸುವ ಜಾಗ ಪ್ರಾಕ್. ಅದರೊಳಗೆ ಪ್ರತಿ ಪ್ರೋಸೆಸ್ಸಿಗೂ ಒಂದು ಡೈರೆಕ್ಟರಿ ಇರುತ್ತದೆ. ಅದರಲ್ಲಿ ನೆಟ್, ನೆಟ್ ಒಳಗೆ ಡೆವ್ ಎಂಬ ಫೈಲ್. ಇರುವ ಜಾಗ ನೋಡಿದರೆ ಅದು ಆ ಪ್ರೋಸೆಸ್ಸಿನ ಸ್ವಂತ ಲೆಕ್ಕ ಅನ್ನಿಸುತ್ತದೆ. ನಿಜವಾಗಿ ಅದು ಆ ಪ್ರೋಸೆಸ್ ಇರುವ ಇಡೀ ನೆಟ್‌ವರ್ಕ್ ನೇಮ್‌ಸ್ಪೇಸಿನ, ಅಂದರೆ ಅದೇ ನೆಟ್‌ವರ್ಕ್ ಹಂಚಿಕೊಂಡ ಎಲ್ಲ ಪ್ರೋಸೆಸ್‌ಗಳ ಒಟ್ಟು ಲೆಕ್ಕ. ವಠಾರಕ್ಕೆಲ್ಲ ಇರುವ ಒಂದೇ ನೀರಿನ ಮೀಟರ್ ಓದಿ, ಅದೇ ಸಂಖ್ಯೆಯನ್ನು ಪ್ರತಿ ಮನೆ ಬಾಗಿಲಿಗೂ ಬರೆದ ಹಾಗೆ.

ಸಪೋರ್ಟ್‌ಗೆ ಎಲ್ಲವನ್ನೂ ವಿವರವಾಗಿ ಬರೆದೆ. ಲಿನಕ್ಸ್ ಕೊಡುವುದೇ ಇಷ್ಟು ಎಂದರು. ಹಣ ವಾಪಸ್ ಬರಲಿಲ್ಲ. ಡಿಸ್ಕಿಗೆ ಪ್ರೋಸೆಸ್‌ವಾರು ಲೆಕ್ಕದ ಫೈಲ್ ಪ್ರಾಕ್‌ನಲ್ಲಿ ಇದೆ, ನೆಟ್‌ವರ್ಕಿಗೆ ಅಂಥದ್ದು ಇಲ್ಲ ಎನ್ನುವುದು ನಿಜ. ಆದರೆ ಇಲ್ಲದ್ದನ್ನು ಇದೆ ಎಂದು ಮಾರಬಾರದಲ್ವಾ?

ಇನ್ನು ನೆಟ್‌ಹಾಗ್ಸ್. ಡೆಬಿಯನ್‌ನ ಎಪಿಟಿಯಲ್ಲಿ ಸಿಗುತ್ತದೆ, ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಓಡಿಸಿದರೆ ಕೂಡಲೇ ಕೆಲಸ ಶುರು. ಎಂ ಒತ್ತಿದರೆ ಈಗಿನ ವೇಗದ ಬದಲು ಇಲ್ಲಿಯವರೆಗಿನ ಒಟ್ಟು ಮೊತ್ತ ಕಾಣುತ್ತದೆ. ದೊಡ್ಡ ಫೈಲ್ ಕಳಿಸುತ್ತಿರುವ ಆರ್‌ಸಿಂಕ್ ಹಿಡಿಯಲು ಇದಕ್ಕಿಂತ ಸುಲಭ ಇನ್ನೊಂದಿಲ್ಲ. ನಮ್ಮಲ್ಲಿ ಮಾತ್ರ ಪಟ್ಟಿಯ ಮೇಲ್ತುದಿಯಲ್ಲಿ "ಅನ್‌ನೋನ್ ಟಿಸಿಪಿ" (ಯಾರದೆಂದು ಗೊತ್ತಾಗದ ಟಿಸಿಪಿ ಸಂಪರ್ಕ) ಎಂಬ ಸಾಲು ಬಂದು ಕೂತಿತು. ಅಪ್‌ಲೋಡ್ ಬಹುಪಾಲು ಅದರ ಹೆಸರಿನಲ್ಲೇ.

ಕಾರಣ ಅದರ ಕೆಲಸದ ರೀತಿಯಲ್ಲೇ ಇದೆ. ನೆಟ್‌ಹಾಗ್ಸ್ ಲಿಬ್‌ಪಿಕ್ಯಾಪ್ ಎಂಬ ಲೈಬ್ರರಿ ಮೂಲಕ ಪ್ಯಾಕೆಟ್ (ನೆಟ್‌ನಲ್ಲಿ ಹೋಗುವ ಡೇಟಾದ ತುಂಡು) ಹಿಡಿಯುತ್ತದೆ. ಪ್ಯಾಕೆಟ್ಟಿನಲ್ಲಿ ವಿಳಾಸ, ಪೋರ್ಟ್ ಇರುತ್ತವೆ, ಪಿಐಡಿ (ಪ್ರೋಸೆಸ್ಸಿನ ಗುರುತಿನ ಸಂಖ್ಯೆ) ಇರುವುದಿಲ್ಲ. ಹಾಗಾಗಿ ಪ್ರಾಕ್‌ನ ಟಿಸಿಪಿ ಪಟ್ಟಿಯಲ್ಲಿ ಆ ಸಂಪರ್ಕದ ಐನೋಡ್ (ಅದರ ಗುರುತಿನ ಸಂಖ್ಯೆ) ಹುಡುಕುತ್ತದೆ. ಆಮೇಲೆ ಒಂದೊಂದೇ ಪ್ರೋಸೆಸ್ ತೆರೆದಿಟ್ಟ ಫೈಲುಗಳಲ್ಲಿ ಆ ಐನೋಡ್ ಯಾರ ಹತ್ತಿರ ಇದೆ ಎಂದು ನೋಡುತ್ತದೆ. ಈ ಹುಡುಕಾಟ ಮುಗಿಯುವ ಮೊದಲೇ ಪ್ರೋಸೆಸ್ ಸತ್ತಿದ್ದರೆ ಹೆಸರು ಸಿಗುವುದಿಲ್ಲ.

ನಮ್ಮ ಸರ್ವರ್‌ನಲ್ಲಿ ಆಗುತ್ತಿದ್ದದ್ದು ಅದೇ. ಹಿಂದೆ ಗುತ್ತಿಗೆಗೆ ಕೆಲಸ ಮಾಡಿದವರು ಬರೆದಿಟ್ಟ ಬ್ಯಾಕಪ್ ಸ್ಕ್ರಿಪ್ಟ್ ಒಂದಿತ್ತು. ಅದು ಪ್ರತಿ ಬಿಲ್ಲಿನ ಫೋಟೋಗೂ ಹೊಸದಾಗಿ ಒಂದು ಕರ್ಲ್ (ನೆಟ್ ಮೂಲಕ ಫೈಲ್ ಕಳಿಸುವ ಪ್ರೋಗ್ರಾಮ್) ಎಬ್ಬಿಸುತ್ತಿತ್ತು. ಕರ್ಲ್ ಹುಟ್ಟಿ, ಫೋಟೋ ಕಳಿಸಿ, ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ. ಆಮೇಲೆ ಮತ್ತೊಂದು. ಹೀಗೆ ಸಾವಿರಾರು. ರಿಫ್ರೆಶ್ ವೇಗ ಹೆಚ್ಚಿಸಿದೆ, ಟ್ರೇಸ್ ಮೋಡಿನಲ್ಲಿ ಫೈಲಿಗೆ ಬರೆಸಿದೆ. ಆಗೊಮ್ಮೆ ಈಗೊಮ್ಮೆ ಒಂದು ಕರ್ಲ್ ಕಂಡು ಮಾಯವಾಗುತ್ತಿತ್ತು, ಅಷ್ಟೇ. ಬಳಕೆ ಇದೆ, ಬಳಸಿದವರ ಹೆಸರಿಲ್ಲ. ಅತ್ತ ಮಂಡ್ಯದಿಂದ ಫೋನ್ ನಿಲ್ಲುತ್ತಿಲ್ಲ. ಆ ಬೆಳಗ್ಗೆಗಳು ನಿಜಕ್ಕೂ ಕಷ್ಟದವು. ಪ್ರೋಗ್ರಾಮ್‌ಗಳನ್ನು ಕಂಟೇನರ್ ಎಂಬ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ಡಾಕರ್ ಬಳಸುವವರಿಗೂ ಇಂಥದೇ ತೊಂದರೆ ಕಾದಿದೆ. ಕಂಟೇನರ್‌ಗೆ ಬೇರೆ ನೆಟ್‌ವರ್ಕ್ ನೇಮ್‌ಸ್ಪೇಸ್ ಇದ್ದರೆ ಹೊರಗಿನ ಟಿಸಿಪಿ ಪಟ್ಟಿಯಲ್ಲಿ ಅದರ ಸಂಪರ್ಕ ಇರುವುದೇ ಇಲ್ಲ.

ಬ್ಯಾಂಡ್‌ವಿಚ್ ರಸ್ಟ್ ಭಾಷೆಯಲ್ಲಿ ಬರೆದದ್ದು, ನೋಡಲು ಚೆಂದ. ಪ್ರೋಸೆಸ್, ಸಂಪರ್ಕ, ದೂರದ ವಿಳಾಸ ಮೂರನ್ನೂ ಒಂದೇ ಪರದೆಯಲ್ಲಿ ತೋರಿಸುತ್ತದೆ. ಲಿನಕ್ಸ್‌ನಲ್ಲಿ ಇದೂ ಪ್ರಾಕ್ ಓದಿಯೇ ಹೆಸರು ಹುಡುಕುತ್ತದೆ. ನಮ್ಮ ಕರ್ಲ್ ಇದಕ್ಕೂ ಸಿಗಲಿಲ್ಲ.

ಎಸ್‌ಎಸ್ ಎಂಬ ಕಮಾಂಡ್ ಪ್ರತಿ ಸಾಕೆಟ್‌ನ (ಸಂಪರ್ಕದ ತುದಿಯ) ಬೈಟ್ ಲೆಕ್ಕ, ಪಿಐಡಿ ಎರಡನ್ನೂ ಕೊಡುತ್ತದೆ, ಆದರೆ ಆ ಕ್ಷಣ ಬದುಕಿರುವ ಸಾಕೆಟ್‌ಗಳದ್ದು ಮಾತ್ರ.

ಟಿಸಿಪಿಟಾಪ್‌ಗೆ ನನ್ನಲ್ಲಿ ಎರಡನೇ ಸ್ಥಾನ. ಬಿಸಿಸಿ ಸಾಧನಗಳ ಗುಂಪಿನದು, ಇಬಿಪಿಎಫ್ (ಲಿನಕ್ಸಿನ ತಿರುಳಾದ ಕರ್ನಲ್ ಒಳಗೇ ಸಣ್ಣ ಪ್ರೋಗ್ರಾಮ್ ಓಡಿಸುವ ಸೌಲಭ್ಯ) ಮೇಲೆ ನಡೆಯುತ್ತದೆ. ಪ್ರೋಸೆಸ್ ಡೇಟಾ ಕಳಿಸಲು ಕರ್ನಲ್ ಒಳಗೆ ಕಾಲಿಟ್ಟಾಗಲೇ ಎಣಿಸುವುದರಿಂದ ಪಿಐಡಿ ಅಲ್ಲೇ ಸಿಗುತ್ತದೆ, ಆಮೇಲೆ ಹುಡುಕಬೇಕಿಲ್ಲ. ಅದರ ಜೊತೆಗಾರ ಟಿಸಿಪಿಲೈಫ್ ಇನ್ನೂ ಒಳ್ಳೆಯದು. ಸಂಪರ್ಕ ಮುಗಿದ ಕೂಡಲೇ ಯಾರು, ಎಷ್ಟು ಕಳಿಸಿದರು, ಎಷ್ಟು ಹೊತ್ತು ಎಂದು ಒಂದು ಸಾಲು ಬರೆಯುತ್ತದೆ. ನಮ್ಮ ಕರ್ಲ್ ಮೊದಲು ಸಿಕ್ಕಿಬಿದ್ದಿದ್ದು ಇಲ್ಲೇ, ಸಾಲು ಸಾಲಾಗಿ. ಆದರೆ ಎರಡರಲ್ಲೂ ಯುಡಿಪಿ (ಟಿಸಿಪಿ ಅಲ್ಲದ ಇನ್ನೊಂದು ಬಗೆಯ ರವಾನೆ) ಕಾಣುವುದಿಲ್ಲ. ಡೆಬಿಯನ್‌ನ ಪ್ಯಾಕೇಜ್‌ಗೆ ಕರ್ನಲ್ ಹೆಡರ್‌ಗಳು (ಕಂಪೈಲ್ ಮಾಡಲು ಬೇಕಾದ ಕರ್ನಲ್‌ನ ಫೈಲುಗಳು) ಬೇಕು. ಕರ್ನಲ್ ಅಪ್‌ಡೇಟ್ ಆಗಿ ಹೆಡರ್ ಹಿಂದುಳಿದರೆ ಓಡುವುದೇ ಇಲ್ಲ. ಪ್ರತಿ ಸಲವೂ ಪ್ರೋಗ್ರಾಮ್ ಕಂಪೈಲ್ ಆಗಿ ಶುರುವಾಗಬೇಕು. ಮೆಮೊರಿ ಕಡಿಮೆ ಇರುವ ಯಂತ್ರದಲ್ಲಿ ಅದು ಭಾರ.

ಈಗ ನನ್ನ ಮೆಚ್ಚಿನದು. ಐಪಿ ಅಕೌಂಟಿಂಗ್ 2017ರಲ್ಲಿ ಸಿಸ್ಟಮ್‌ಡಿ 235ರೊಂದಿಗೆ ಬಂತು. ಸರ್ವಿಸ್ ಫೈಲಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಸಿಗ್ರೂಪ್ (ಪ್ರೋಸೆಸ್‌ಗಳನ್ನು ಗುಂಪು ಮಾಡಿ ಲೆಕ್ಕ ಇಡುವ ಕರ್ನಲ್ ಸೌಲಭ್ಯ) ಎರಡನೇ ಆವೃತ್ತಿ ಬೇಕು, ಡೆಬಿಯನ್ 11ರಿಂದ ಅದು ತಾನಾಗೇ ಇದೆ. ಲೆಕ್ಕ ಪಿಐಡಿಗೆ ಅಲ್ಲ, ಇಡೀ ಸರ್ವಿಸ್‌ಗೆ. ಅದರೊಳಗೆ ಹುಟ್ಟಿ ಸಾಯುವ ಮಕ್ಕಳು ಮೊಮ್ಮಕ್ಕಳೆಲ್ಲ ಒಂದೇ ಖಾತೆಗೆ ಜಮಾ. ಕರ್ಲ್ ಎಷ್ಟು ಬೇಗ ಸತ್ತರೂ ಅದು ಕಳಿಸಿದ ಬೈಟ್ ಉಳಿಯುತ್ತದೆ.

ಕ್ರಾನ್‌ನಲ್ಲಿ ಓಡುವ ಕೆಲಸಗಳೆಲ್ಲ ಕ್ರಾನ್ ಸರ್ವಿಸ್‌ನ ಖಾತೆಗೇ ಬೀಳುತ್ತವೆ. ಆದ್ದರಿಂದ ಬ್ಯಾಕಪ್ ಅನ್ನು ಬೇರೆ ಸರ್ವಿಸ್ ಮಾಡಿ ಟೈಮರ್ ಕೊಟ್ಟೆ. ಕೆಲಸ ಮುಗಿದಾಗ ಎಷ್ಟು ಬಂತು, ಎಷ್ಟು ಹೋಯಿತು ಎಂದು ಸಿಸ್ಟಮ್‌ಡಿಯ ದಾಖಲೆಯಾದ ಜರ್ನಲ್‌ನಲ್ಲಿ ಸಾಲು ಬಿತ್ತು. ಒಂದೇ ಓಟಕ್ಕೆ 6 ಜಿಬಿಗಿಂತ ಹೆಚ್ಚು ಹೊರಗೆ! ಸ್ಕ್ರಿಪ್ಟ್ ಹಳೆಯ ಫೋಟೋಗಳನ್ನೆಲ್ಲ ದಿನಾ ಮತ್ತೆ ಮತ್ತೆ ಕಳಿಸುತ್ತಿತ್ತು. ಹೊಸವು ಮಾತ್ರ ಹೋಗುವಂತೆ ತಿದ್ದಿ, ಸಮಯವನ್ನು ರಾತ್ರಿಗೆ ಹಾಕಿದೆ.

ಇದರಲ್ಲೂ ಒಂದು ತೊಡಕಿದೆ. ಲೂಪ್‌ಬ್ಯಾಕ್ (ಯಂತ್ರ ತನ್ನೊಂದಿಗೇ ಮಾತಾಡುವ ದಾರಿ) ಕೂಡ ಲೆಕ್ಕಕ್ಕೆ ಬರುತ್ತದೆ. ನಮ್ಮ ಆ್ಯಪ್ ಅದೇ ಯಂತ್ರದ ಪೋಸ್ಟ್‌ಗ್ರೆಸ್ ಜೊತೆ 127.0.0.1 ಮೂಲಕ ಮಾತಾಡುತ್ತಿತ್ತು. ಹೊರಗೆ ಹೋಗದ ಬೈಟುಗಳೂ ಸೇರಿ ಸಂಖ್ಯೆ ಉಬ್ಬಿತ್ತು. ನೆಟ್‌ವರ್ಕ್ ಮುಟ್ಟದ ಯುನಿಕ್ಸ್ ಸಾಕೆಟ್‌ಗೆ ಬದಲಿಸಿದ ಮೇಲೆ ಸರಿಹೋಯಿತು. ಸರ್ವಿಸ್ ಮತ್ತೆ ಶುರುವಾದರೆ ಎಣಿಕೆ ಸೊನ್ನೆಯಿಂದ. ಪ್ಯಾಕೆಟ್ಟಿನ ಹೆಡರ್‌ಗಳನ್ನೂ (ವಿಳಾಸ, ಪೋರ್ಟ್ ಇರುವ ಭಾಗ) ಎಣಿಸುವುದರಿಂದ ಟಿಸಿಪಿಟಾಪ್‌ನ ಸಂಖ್ಯೆಗೆ ತಾಳೆಯಾಗುವುದಿಲ್ಲ.

ನಾನು ಮಂಡ್ಯದಿಂದ ರೈಲಿನಲ್ಲಿ ಓಡಾಡುವವನು. ತೊಂದರೆ ಶುರುವಾದಾಗ ಟರ್ಮಿನಲ್ ಮುಂದೆ ಇರುವುದು ಕಡಿಮೆ. ಆಮೇಲೆ ಬಂದು ಜರ್ನಲ್ ಓದುವುದೇ ನನ್ನ ಅಭ್ಯಾಸ. ಆಫೀಸ್ ಇನ್ನೊಂದು ಚಂದಾ ಕಟ್ಟುವುದೂ ಇಲ್ಲ. ಹಾಗಾಗಿ ಈಗ ಎಲ್ಲ ಸರ್ವಿಸ್‌ಗೂ ಐಪಿ ಅಕೌಂಟಿಂಗ್ ಹಾಕಿದ್ದೇನೆ. ಟಿಸಿಪಿಲೈಫ್ ಅನುಮಾನ ಬಂದಾಗ ಮಾತ್ರ. ನೀವು ದಿನವಿಡೀ ಪರದೆ ಮುಂದೆ ಇರುವವರಾಗಿದ್ದರೆ, ನಿಮ್ಮ ಪ್ರೋಸೆಸ್‌ಗಳು ತುಂಬಾ ಹೊತ್ತು ಓಡುವಂಥವಾಗಿದ್ದರೆ, ನೆಟ್‌ಹಾಗ್ಸ್ ಸಾಕು. ಅಗ್ಗದ ಕಂಟೇನರ್ ಮಾದರಿಯ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಆದರೆ ಇಬಿಪಿಎಫ್‌ಗೆ ಅನುಮತಿ ಇದೆಯೇ ಎಂದು ಮೊದಲು ಕೇಳಿಕೊಳ್ಳಿ. ಅದಿಲ್ಲದೆ ಐಪಿ ಅಕೌಂಟಿಂಗ್, ಟಿಸಿಪಿಟಾಪ್ ಎರಡೂ ನಡೆಯುವುದಿಲ್ಲ.